ಸಹಾಯ ಬೇಕು: ಬೋರ್ಟನ್‌ನಿಂದ ಮೋರ್ಟನ್‌ಗೆ ಎ429 ಮುಖ್ಯ ರಸ್ತೆ ಬಿಟ್ಟು ವಾಪಸ್ ಬರೋ ದಾರಿ

ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಗುಡ್ಡಗಾಡಿನ ಕಡೆ ರೋಡ್ ಬೈಕ್ (ಟಾರ್ ರಸ್ತೆಗೆ ಅಂತ ಇರೋ ತೆಳು ಟೈರಿನ ಸೈಕಲ್) ಓಡಿಸಿರೋರು ಸ್ವಲ್ಪ ನೋಡಿ ಹೇಳಿ. ಶುರು ಮೋರ್ಟನ್-ಇನ್-ಮಾರ್ಷ್ ರೈಲು ನಿಲ್ದಾಣದಿಂದ. ಹೋಗೋ ದಾರಿ ಗೊತ್ತಾಗಿದೆ: ಈವನ್‌ಲೋಡ್, ಬ್ರಾಡ್‌ವೆಲ್, ಸ್ಟೋ (ಸುಮಾರು 240 ಮೀಟರ್ ಎತ್ತರ, ಏರು ಇದೆ), ಲೋವರ್ ಸ್ವೆಲ್, ಎರಡೂ ಸ್ಲಾಟರ್ ಹಳ್ಳಿ, ಆಮೇಲೆ ಬೋರ್ಟನ್-ಆನ್-ದ-ವಾಟರ್.

ತೊಡಕು ವಾಪಸ್ ಬರೋದ್ರಲ್ಲಿ. ಎ429 ರೋಮನ್ನರ ಕಾಲದ ಫಾಸ್ ವೇ, ನೇರ ರಸ್ತೆ, ಅದಕ್ಕೇ ಗಾಡಿಗಳ ವೇಗ ಜಾಸ್ತಿ. ಅದು ಬೇಡ. ದಾರಿ ತೋರಿಸೋ ಆ್ಯಪ್‌ನಲ್ಲಿ ಬರೀ ‘ಸೈಕಲ್’ ಅಂತ ಹಾಕಿದ್ರೆ ಬ್ರೈಡಲ್‌ವೇ (ನಡೆಯೋರಿಗೆ, ಕುದುರೆ ಸವಾರರಿಗೆ ಅಂತ ಇರೋ ಹಾದಿ) ಮೇಲೆ ಕಳಿಸತ್ತೆ. ಕಾನೂನು ಪ್ರಕಾರ ಅಲ್ಲಿ ಸೈಕಲ್ ಹೋಗಬಹುದು, ಆದ್ರೆ ಮಳೆ ಬಿದ್ದ ಮೇಲೆ ಆ ಕೆಸರು 25 ಎಂಎಂ ಟೈರಿಗೆ ಆಗಲ್ಲ. ‘ರೋಡ್ ಬೈಕ್’ ಅಂತ ಬದಲಾಯಿಸಿದ್ರೆ ಲಿಟಲ್ ರಿಸಿಂಗ್ಟನ್ ಏರು ಹತ್ತಿಸಿ ಎ424 ಅನ್ನೋ ಇನ್ನೊಂದು ಮುಖ್ಯ ರಸ್ತೆಗೆ ತಂದು ಬಿಡತ್ತೆ. ಓಎಸ್ (ಆರ್ಡ್‌ನೆನ್ಸ್ ಸರ್ವೆ, ಬ್ರಿಟನ್ನಿನ ನಕ್ಷೆ ಸಂಸ್ಥೆ) ಎಕ್ಸ್‌ಪ್ಲೋರರ್ ಓಎಲ್ 45 ನಕ್ಷೆಯನ್ನೂ ನೋಡಾಯ್ತು. ಚಿಕ್ಕ ರಸ್ತೆಗಳು ಕಾಣತ್ವೆ, ಈಗ ಟಾರ್ ಹೇಗಿದೆ ಅನ್ನೋದು ನಕ್ಷೆಯಿಂದ ಗೊತ್ತಾಗಲ್ಲ. ಶರತ್ಕಾಲದಲ್ಲಿ ಬೇಲಿ ಕತ್ತರಿಸಿದ ಮುಳ್ಳು ಬೇರೆ ರಸ್ತೆ ತುಂಬಾ ಬಿದ್ದಿರತ್ತೆ.

ಎ424 ದಾಟೋದಕ್ಕೆ ಅಡ್ಡಿಯಿಲ್ಲ, ಅದರ ಮೇಲೆ ಓಡಿಸೋದು ಬೇಡ. ಐಕಂಬ್, ಓಡಿಂಗ್ಟನ್ ಕಡೆಯಿಂದ ಈವನ್‌ಲೋಡ್‌ವರೆಗೆ ಪೂರ್ತಿ ಟಾರ್ ಇರೋ ದಾರಿ ಇದೆಯಾ? ಇದ್ರೆ ಬೋರ್ಟನ್ ಬಿಟ್ಟ ಮೇಲೆ ಯಾವ ತಿರುವು ತಗೋಬೇಕು?