ಅಪ್‌ಡೇಟ್: ಹಂಪಿಯ ಚಿಕ್ಕ ಸ್ಟಡಿಯಿಂದ ದೊಡ್ಡ ಕ್ಯಾನ್ವಾಸಿಗೆ

ಹಂಪಿಯಲ್ಲಿ ಬಂಡೆಗಳ ಮುಂದೆ ಕೂತು ಆಯಿಲ್ ಬಣ್ಣದಲ್ಲಿ ಮಾಡಿದ 6×8 ಇಂಚಿನ ಸ್ಟಡಿಗಳನ್ನು (ಅಭ್ಯಾಸಚಿತ್ರಗಳನ್ನು) ಮನೆಯಲ್ಲಿ ದೊಡ್ಡದು ಮಾಡಿದರೆ ಬಿಸಿಲೇ ಸತ್ತುಹೋಗುತ್ತೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. 24×32 ಕ್ಯಾನ್ವಾಸ್ ಮುಗಿದಿದೆ, ಬಿಸಿಲು ಉಳಿದಿದೆ!

ತುಂಬಾ ಕೆಲಸಕ್ಕೆ ಬಂದದ್ದು ಬ್ರಷ್ಷಿನ ಸಲಹೆ. ಅಳತೆ ನಾಲ್ಕು ಪಟ್ಟಾದರೆ ಬ್ರಷ್ಷೂ ನಾಲ್ಕು ಪಟ್ಟಾಗಬೇಕು. ಸ್ಟಡಿಯಲ್ಲಿ ಅರ್ಧ ಇಂಚಿನ ಬ್ರಷ್ಷಿನ ಒಂದೇ ಎಳೆತದಲ್ಲಿ ಬಂದಿದ್ದ ಬಂಡೆಯ ನೆತ್ತಿಯನ್ನು ಇಲ್ಲಿ ಹಾರ್ಡ್‌ವೇರ್ ಅಂಗಡಿಯ ಎರಡಿಂಚಿನ ಬ್ರಷ್ಷಿನಿಂದ ಒಂದೇ ಸಲಕ್ಕೆ ಎಳೆದೆ. ಆ ಜಾಗವನ್ನು ಆಮೇಲೆ ಮುಟ್ಟಲೇ ಇಲ್ಲ.

ಬಣ್ಣ ಹೊಂದಿಸಲು ಒಣಗಿದ ಸ್ಟಡಿಯ ಮೇಲೆ ಪಾರದರ್ಶಕ ಹಾಳೆ ಹಾಸಿ, ಕಲಸಿದ ಬಣ್ಣವನ್ನು ಪೇಂಟಿಂಗ್ ನೈಫಿನಿಂದ ಅದರ ಮೇಲೇ ಇಟ್ಟು ನೋಡಿದೆ. ಬಂಡೆಯ ನೆರಳು ಬೂದಿಯಲ್ಲ: ಮೇಲ್ಮುಖದಲ್ಲಿ ಆಕಾಶದ ನೀಲಿ, ಬುಡದಲ್ಲಿ ನೆಲದಿಂದ ಪುಟಿದ ಕೆಂಪು. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು, ಈ ಎರಡರಲ್ಲೇ ಇಡೀ ನೆರಳು ಸಿಕ್ಕಿತು. ಫೋಟೋದಲ್ಲಿ ಅದು ಬರೀ ಕಪ್ಪು, ಹಾಗಾಗಿ ಫೋಟೋವನ್ನು ಬಂಡೆಗಳ ಆಕಾರಕ್ಕೆ ಮಾತ್ರ ನೋಡಿದೆ. ಮೊದಲ ಪದರ ಟರ್ಪೆಂಟೈನ್‌ನಲ್ಲಿ ತೆಳುವಾಗಿ, ಲಿನ್ಸೀಡ್ (ಅಗಸೆ) ಎಣ್ಣೆ ಮೇಲಿನ ಪದರಗಳಿಗಷ್ಟೇ.

ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೇಬಲ್ 1821-22ರಲ್ಲಿ ಹ್ಯಾಂಪ್‌ಸ್ಟೆಡ್‌ನಲ್ಲಿ ಮಾಡಿದ ಮೋಡದ ಸ್ಟಡಿಗಳ ಹಿಂದೆ ದಿನ, ಹೊತ್ತು, ಗಾಳಿಯ ದಿಕ್ಕು ಬರೆದಿಡುತ್ತಿದ್ದ. ಎಷ್ಟು ಚೆಂದದ ಅಭ್ಯಾಸ! ನಾನೂ ಶುರು ಮಾಡಿದ್ದೇನೆ. ಬೆಳಗಿನ ಏಳರ ನೆರಳಿಗೂ ಒಂಬತ್ತರದಕ್ಕೂ ಅಜಗಜಾಂತರ.

ಮುಂದೆ ತುಂಗಭದ್ರೆಯ ದಡ. ನೀರಿನ ಮೇಲಿನ ಪ್ರತಿಬಿಂಬ ಬಲ್ಲವರಿದ್ದರೆ ದಯವಿಟ್ಟು ಹೇಳಿ.