ಪೊಲೀಸರ ಗುಂಡು ದಾರಿಹೋಕರಿಗೆ ಬಿದ್ದರೆ ಯಾರನ್ನು ಕೇಳಬೇಕು?

ಪ್ರಶ್ನೆ: ವಕೀಲ ಮೇಡಂ, ನಮಸ್ಕಾರ. ನಾವು ಹುಬ್ಬಳ್ಳಿಯವರು. ಹೋದ ವಾರ ಕಳ್ಳನೊಬ್ಬನನ್ನು ಹಿಡಿಯುವಾಗ ಪೊಲೀಸರು ಗುಂಡು ಹಾರಿಸಿದರು. ಒಂದು ಗುಂಡು ರಸ್ತೆಗೆ ಬಡಿದು ಸಿಡಿದು, ಚಹಾ ಕುಡಿಯುತ್ತ ನಿಂತಿದ್ದ ನಮ್ಮ ಕಾಕಾನ ಕಾಲಿಗೆ ಹೊಕ್ಕಿತು. ಎಲುಬು ಮುರಿದಿದೆ. ಠಾಣೆಯಲ್ಲಿ ಕೇಳಿದರೆ ‘ಎಫ್‌ಐಆರ್ ಆಗಿದೆ, ಖರ್ಚು ನೋಡಿಕೊಳ್ತೀವಿ, ಇಲ್ಲೊಂದು ಸಹಿ ಹಾಕಿ’ ಅಂತಾರೆ.

ಉತ್ತರ: ಸಹಿ ಹಾಕಬೇಡಿ. ಮೊದಲು ಆ ಎಫ್‌ಐಆರ್ ಪ್ರತಿ ತೆಗೆದುಕೊಂಡು ಓದಿ. ಇಂಥದ್ದರಲ್ಲಿ ಸಾಮಾನ್ಯವಾಗಿ ‘ಕಳ್ಳ ನಮ್ಮ ಮೇಲೆ ಹಲ್ಲೆ ಮಾಡಿದ’ ಅಂತ ಪೊಲೀಸರೇ ಕೊಟ್ಟ ದೂರು ಇರುತ್ತದೆ. ಕಾಕಾನ ಗಾಯದ ಬಗ್ಗೆ ನೀವು ಬೇರೆಯೇ ದೂರು ಕೊಡಬೇಕು. ನಿರ್ಲಕ್ಷ್ಯದಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿ ಬದಲಿಗೆ ಬಂದ ಕಾನೂನು) 125ನೇ ಕಲಂ ಇದೆ. ಬೇಕಂತಲೇ ಹೊಡೆದರು ಅಂತ ತೋರಿಸಬೇಕಿಲ್ಲ. ಠಾಣೆಯವರು ತೆಗೆದುಕೊಳ್ಳದಿದ್ದರೆ ಕಮಿಷನರ್‌ಗೆ ಬರೆಯಿರಿ, ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟು. ಎನ್‌ಕೌಂಟರ್‌ನಲ್ಲಿ, ಅಂದರೆ ಪೊಲೀಸರ ಗುಂಡಿಗೆ ಸಾವಾದರೆ, ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯ ತಂಡ ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ತೀವ್ರ ಗಾಯದ ಪ್ರಕರಣಕ್ಕೂ ಸಾಧ್ಯವಾದಷ್ಟು ಅದನ್ನೇ ಪಾಲಿಸಬೇಕು. ಅರ್ಜಿಯಲ್ಲಿ ಇದನ್ನು ಬರೆಯಿರಿ.

ಪ್ರಶ್ನೆ: ‘ಆತ್ಮರಕ್ಷಣೆಗೆ ಹಾರಿಸಿದ್ದು, ಕೇಸ್ ನಿಲ್ಲಲ್ಲ’ ಅಂತಾರಲ್ಲ?

ಉತ್ತರ: ಅರ್ಧ ನಿಜ. ಜೀವ ಹೋಗುವಂಥ ಹಲ್ಲೆ ನಡೆದಾಗ, ಅಮಾಯಕರಿಗೆ ಅಪಾಯ ತರದೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಿದ್ದರೆ, ಅಷ್ಟು ಅಪಾಯಕ್ಕೆ ಅದೇ ಸಂಹಿತೆಯ 44ನೇ ಕಲಂ ಅವಕಾಶ ಕೊಡುತ್ತದೆ. ಕಳ್ಳ ಬೆನ್ನು ತೋರಿಸಿ ಓಡುತ್ತಿದ್ದರೆ ಈ ಮಾತು ಹೇಗೆ ನಿಲ್ಲುತ್ತದೆ, ಹೇಳಿ? ಜನ ತುಂಬಿದ ಚಹಾದಂಗಡಿ ಮುಂದೆ ಗುಂಡು ಹಾರಿಸುವ ಅಗತ್ಯ ಇತ್ತಾ ಅನ್ನೋದೇ ಇಲ್ಲಿ ಮುಖ್ಯ. ಅದಕ್ಕೇ ಅಂಗಡಿಗಳ ಸಿಸಿಟಿವಿ ಬೇಕು. ಹಳೆಯ ದೃಶ್ಯದ ಮೇಲೆ ಹೊಸದು ಬಂದುಬಿಡುತ್ತದೆ, ಇವತ್ತೇ ಕೇಳಿ. ಆಸ್ಪತ್ರೆಯ ಎಂಎಲ್‌ಸಿ ದಾಖಲೆ (ಪೊಲೀಸ್ ಪ್ರಕರಣವಾಗಬಹುದಾದ ಗಾಯಕ್ಕೆ ವೈದ್ಯರು ಬರೆಯುವುದು), ಗಾಯದ ಸರ್ಟಿಫಿಕೇಟ್ ಕೂಡ ಇಟ್ಟುಕೊಳ್ಳಿ.

ಹಾವೇರಿಯವರೊಬ್ಬರು: 2008ರಲ್ಲಿ ನಮ್ಮಲ್ಲಿ ಗೊಬ್ಬರಕ್ಕೆ ನಿಂತ ರೈತರ ಮೇಲೆ ಗೋಲಿಬಾರ್ ಆಯ್ತಲ್ಲ, ಅದಕ್ಕೂ ಇದೇ ಕಾನೂನಾ?

ಉತ್ತರ: ಇಲ್ಲ ಸರ್. ಗುಂಪು ಚದುರಿಸಲು ಹಾರಿಸಿದ್ದಕ್ಕೆ ಬೇರೆ ಕಲಂಗಳಿವೆ, ಅಲ್ಲಿ ಪೊಲೀಸರಿಗೆ ರಕ್ಷಣೆ ಇನ್ನೂ ಗಟ್ಟಿ.

ಪ್ರಶ್ನೆ: ಪರಿಹಾರ?

ಉತ್ತರ: ಮುಚ್ಚುಮರೆ ಇಲ್ಲದೆ ಹೇಳ್ತೀನಿ. ಅಧಿಕಾರಿಗೆ ಶಿಕ್ಷೆಯಾಗುವುದು ಕಷ್ಟ. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಪ್ರಕಾರ ಕರ್ತವ್ಯದ ನೆಪದಲ್ಲಿ ಮಾಡಿದ ಕೆಲಸಕ್ಕೆ ಕೇಸ್ ನಡೆಸಲು ಸರ್ಕಾರದ ಅನುಮತಿ ಬೇಕು. ಸಿವಿಲ್ ದಾವೆಗೆ ಕಾಲಮಿತಿ ಕಾಯ್ದೆಯಲ್ಲಿ ಒಂದೇ ವರ್ಷದ ಗಡುವು. ಪರಿಹಾರಕ್ಕೆ ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್ (ಹಕ್ಕಿಗೆ ಧಕ್ಕೆಯಾದಾಗ ನೇರ ಹೈಕೋರ್ಟಿಗೆ ಹಾಕುವ ಅರ್ಜಿ) ಹಾಕುವುದು ಒಳ್ಳೆಯದು. ಮೂಲಭೂತ ಹಕ್ಕಿಗೆ ಪೆಟ್ಟು ಬಿದ್ದರೆ ಸರ್ಕಾರವೇ ಪರಿಹಾರ ಕೊಡಬೇಕು ಅಂತ 1993ರಲ್ಲಿ ನೀಲಾಬತಿ ಬೆಹೆರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿದೆ. ಕ್ರಿಮಿನಲ್ ಕೇಸ್ ಮುಗಿಯುವವರೆಗೆ ಕಾಯಬೇಕಿಲ್ಲ. ಜೊತೆಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಸಂತ್ರಸ್ತರ ಪರಿಹಾರದ ಅರ್ಜಿ ಕೊಡಿ. ಮಾನವ ಹಕ್ಕು ಆಯೋಗಕ್ಕೆ ಹೋಗುವುದಾದರೆ ಅಲ್ಲೂ ಒಂದು ವರ್ಷ.

ಪ್ರಶ್ನೆ: ಕಾಕಾ ಹೆದರ್ತಾರೆ ಮೇಡಂ, ದಿನಾ ಅದೇ ಬೀದೀಲಿ ಓಡಾಡಬೇಕು.

ಉತ್ತರ: ದೂರು ನೀವೇ ಕೊಡಬಹುದು, ಗಾಯಗೊಂಡವರೇ ಕೊಡಬೇಕು ಅಂತಿಲ್ಲ. ಸ್ವೀಕೃತಿ ಮಾತ್ರ ಕೇಳಿ ಪಡೀರಿ.