ಚಿತ್ರಗಳನ್ನು ಮುಕ್ತವಾಗಿ ಹಂಚುವುದನ್ನು ನಿಲ್ಲಿಸಬೇಕೆ? – ಅನುಭವ ಹಂಚಿಕೆ

ಕೇಳಿಕೆ

ನಾನು ಸಾಗರದ ಕಡೆಯವಳು, ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ. ಮಲೆನಾಡಿನ ಹಕ್ಕಿ, ಮರ, ಮನೆ, ತೋಟದ ಕೆಲಸಗಳ ಸುಮಾರು ಇನ್ನೂರು ಚಿತ್ರಗಳನ್ನು ಆರು ವರ್ಷಗಳಿಂದ ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬಿವೈ ಪರವಾನಗಿಯಲ್ಲಿ, ಅಂದರೆ ನನ್ನ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು ಎಂಬ ಷರತ್ತಿನಲ್ಲಿ, ಜಾಲತಾಣದಲ್ಲಿ ಇಟ್ಟಿದ್ದೇನೆ. ಕಳೆದ ತಿಂಗಳು ಒಬ್ಬ ಪ್ರಕಾಶಕರು ಎಐನಿಂದ ಮಾಡಿಸಿದ ಹದಿನಾರು ಪುಟಗಳ ಚಿತ್ರಗಳನ್ನು ಕಳುಹಿಸಿ, ಹೊಸದಾಗಿ ಬರೆಯುವುದು ಬೇಡ, ಇವನ್ನೇ ತಿದ್ದಿಕೊಡಿ, ಅರ್ಧ ಸಂಭಾವನೆ ಕೊಡುತ್ತೇವೆ ಎಂದರು. ಆ ಚಿತ್ರಗಳಲ್ಲಿ ನನ್ನ ಗೆರೆಯ ಛಾಯೆ ಇದ್ದಂತೆ ಕಂಡಿತು. ಅದು ನನ್ನ ಭ್ರಮೆಯೂ ಇರಬಹುದು. ಅಂದಿನಿಂದ ಹೊಸ ಚಿತ್ರ ಹಾಕಲು ಕೈ ಬರುತ್ತಿಲ್ಲ. ಇಟ್ಟಿದ್ದನ್ನೆಲ್ಲ ತೆಗೆದುಬಿಡಲೇ? ಆ ಪ್ರಕಾಶಕರಿಗೆ ಏನು ಹೇಳಲಿ? ಇಂಥ ಸಂದರ್ಭವನ್ನು ಎದುರಿಸಿದವರು ದಯವಿಟ್ಟು ತಿಳಿಸಿ.

ಉತ್ತರ 1 – ಚಿತ್ರಕಲಾವಿದೆ, ಮೈಸೂರು

ನಿಮಗೆ ಬಂದ ಯೋಚನೆ ನನಗೂ ಬಂದಿತ್ತು, ನಾನು ಹಾಗೆ ಮಾಡಿಯೂ ನೋಡಿದ್ದೇನೆ. 2022ರ ಆಗಸ್ಟ್‌ನಲ್ಲಿ, ಮಾತಿನಲ್ಲಿ ಕೇಳಿದ್ದನ್ನು ಚಿತ್ರವಾಗಿ ಮಾಡಿಕೊಡುವ ಸ್ಟೇಬಲ್ ಡಿಫ್ಯೂಶನ್ ಎಂಬ ಎಐ ಬಿಡುಗಡೆಯಾಯಿತು. ಅದರ ತರಬೇತಿಗೆ ಬಳಸಿದ ಚಿತ್ರಗಳನ್ನು ಆರಿಸಿಕೊಂಡ ಲಯಾನ್-5ಬಿ ಎಂಬ ಸಂಗ್ರಹದಲ್ಲಿ 585 ಕೋಟಿ ಚಿತ್ರಗಳ ಕೊಂಡಿಗಳು ವಿವರಣೆಗಳ ಸಮೇತ ಇವೆ ಎಂದು ಓದಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ. 2023ರ ಜನವರಿಯಲ್ಲಿ ಸಾರಾ ಆಂಡರ್ಸನ್, ಕೆಲ್ಲಿ ಮೆಕರ್ನನ್, ಕಾರ್ಲಾ ಓರ್ಟಿಜ್ ಎಂಬ ಮೂವರು ಕಲಾವಿದರು ಇಂಥ ಎಐ ಕಂಪನಿಗಳ ವಿರುದ್ಧ ಅಮೆರಿಕದಲ್ಲಿ ಮೊಕದ್ದಮೆ ಹೂಡಿದ ಸುದ್ದಿ ಬಂದ ವಾರವೇ ನಾನು ಜಾಲತಾಣದಲ್ಲಿದ್ದ ನನ್ನ ಚಿತ್ರಗಳನ್ನೆಲ್ಲ ತೆಗೆದೆ.

ತೆಗೆದಿದ್ದರಿಂದ ಯಂತ್ರಕ್ಕೆ ಏನೂ ಆಗಲಿಲ್ಲ. ಅದಕ್ಕೆ ಹೋಗಬೇಕಾದದ್ದು ಆಗಲೇ ಹೋಗಿತ್ತು, ಮತ್ತು ತರಬೇತಿ ಮುಗಿದ ಎಐ ಮಾದರಿಯೊಳಗಿಂದ ನಮ್ಮ ಒಂದು ಚಿತ್ರವನ್ನು ಹೆಕ್ಕಿ ವಾಪಸು ತರುವ ದಾರಿ ನಮ್ಮ ಕೈಯಲ್ಲಿಲ್ಲ. ನಾನು ಬಾಗಿಲು ಹಾಕಿದ್ದು ಮನುಷ್ಯರಿಗೆ ಮಾತ್ರ. ಪಾಠದ ಹಾಳೆಗಳಿಗೆ ನನ್ನ ಚಿತ್ರ ಬಳಸುತ್ತಿದ್ದ ಇಬ್ಬರು ಶಿಕ್ಷಕಿಯರು ಪತ್ರ ಬರೆದು ಕೇಳಿದರು. ಆ ವರ್ಷ ಹೊಸಬರಿಂದ ನನಗೆ ಬಂದ ಕೆಲಸ ಎರಡೇ ಎರಡು. ಅದಕ್ಕೆ ಮೊದಲು ನನ್ನನ್ನು ಹುಡುಕಿಕೊಂಡು ಬಂದವರಲ್ಲಿ ಹೆಚ್ಚಿನವರು ಆ ಮುಕ್ತ ಚಿತ್ರಗಳನ್ನು ಎಲ್ಲೋ ನೋಡಿ, ಕೆಳಗಿದ್ದ ಹೆಸರು ಓದಿ ಬಂದವರು ಎಂಬುದು ಆಗ ಅರ್ಥವಾಯಿತು. ಹನ್ನೊಂದು ತಿಂಗಳ ನಂತರ ಮುಕ್ಕಾಲು ಪಾಲು ಚಿತ್ರಗಳನ್ನು ಮತ್ತೆ ಹಾಕಿದೆ. ಉಳಿದ ಕಾಲು ಪಾಲನ್ನು ಹಾಕಲಿಲ್ಲ. ಈ ಕಾಲು ಪಾಲಿನ ವಿಷಯವನ್ನೇ ನಾನು ನಿಮಗೆ ಮುಖ್ಯವಾಗಿ ಹೇಳಬೇಕು.

ಮೊದಲು ನಾನು ಬರೆದದ್ದನ್ನೆಲ್ಲ ಒಂದೇ ಪರವಾನಗಿಯಲ್ಲಿ ಇಡುತ್ತಿದ್ದೆ, ಯೋಚಿಸುತ್ತಲೇ ಇರಲಿಲ್ಲ. ಈಗ ಪ್ರತಿ ಚಿತ್ರ ಮುಗಿದಾಗಲೂ ಇದನ್ನು ಯಾರಿಗಾಗಿ ಕೊಡುತ್ತಿದ್ದೇನೆ ಎಂದು ಕೇಳಿಕೊಳ್ಳುತ್ತೇನೆ. ಹಕ್ಕಿ, ಎಲೆ, ಪಾತ್ರೆ, ಕೃಷಿ ಉಪಕರಣ ಇಂಥವು ಶಾಲೆಗಳಿಗೂ ಕನ್ನಡ ವಿಕಿಪೀಡಿಯಕ್ಕೂ ಬೇಕಾಗುವಂಥವು. ಅವನ್ನು ಸಿಸಿ ಬಿವೈ ಅಥವಾ ಸಿಸಿ ಬಿವೈ-ಎಸ್‌ಎ (ಬದಲಿಸಿ ಹಂಚುವವರೂ ಇದೇ ಪರವಾನಗಿಯಲ್ಲಿ ಹಂಚಬೇಕು ಎಂಬುದು) ಅಡಿಯಲ್ಲಿ ನಿಶ್ಚಿಂತೆಯಿಂದ ಕೊಡುತ್ತೇನೆ. ವಾಣಿಜ್ಯ ಬಳಕೆ ಬೇಡ ಎಂಬ ಎನ್‌ಸಿ ಷರತ್ತು ಸೇರಿಸಿದರೆ ವಿಕಿಪೀಡಿಯದ ಚಿತ್ರಗಳನ್ನು ಇಡುವ ವಿಕಿಮೀಡಿಯ ಕಾಮನ್ಸ್ ಅವನ್ನು ತೆಗೆದುಕೊಳ್ಳುವುದಿಲ್ಲ, ಇದು ನಿಮ್ಮ ಗಮನದಲ್ಲಿರಲಿ. ಆದರೆ ನನ್ನ ಸ್ವಂತ ಕಥಾಚಿತ್ರಗಳು, ಅಂದರೆ ನನ್ನ ಅಜ್ಜಿಮನೆಯ ಸರಣಿಯಂಥವು, ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿಕೊಂಡೇ ಹೊರಗೆ ಬರುತ್ತವೆ. ತೋರಿಸುವಾಗಲೂ ಸಣ್ಣ ಗಾತ್ರದಲ್ಲಿ ತೋರಿಸುತ್ತೇನೆ. ನೀವೂ ಸಣ್ಣ ಗಾತ್ರದ ಪ್ರತಿಯನ್ನು ಮುಕ್ತವಾಗಿ ಕೊಟ್ಟು, ಮುದ್ರಣಕ್ಕೆ ಬೇಕಾದ ದೊಡ್ಡ ಪ್ರತಿಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಬಹುದು.

ತಿದ್ದುವ ಕೆಲಸದ ಬಗ್ಗೆಯೂ ಒಂದು ಅನುಭವವಿದೆ. ಅಂಥದ್ದೊಂದನ್ನು ನಾನು ಒಪ್ಪಿಕೊಂಡಿದ್ದೆ. ಅಡಿಕೆ ಕೊಯ್ಲಿನ ಪುಟವೊಂದಿತ್ತು. ಯಂತ್ರ ಬರೆದ ಅಡಿಕೆ ಮರದ ತುದಿಯಲ್ಲಿ ತೆಂಗಿನ ಗರಿಗಳಿದ್ದವು. ಮರಕ್ಕೆ ಏಣಿ ಒರಗಿಸಿತ್ತು. ಏಣಿಯ ಮೇಲಿದ್ದವನು ಒಂದೊಂದೇ ಕಾಯಿಯನ್ನು ಕಿತ್ತು ಬುಟ್ಟಿಗೆ ಹಾಕುತ್ತಿದ್ದ. ನಮ್ಮ ತೋಟದಲ್ಲಿ ಅಡಿಕೆ ಕೊಯ್ಯುವ ಕೊನೆಗೌಡ ಕಾಲಿಗೆ ಹಗ್ಗದ ಕುಣಿಕೆ ಹಾಕಿಕೊಂಡು ಏರುತ್ತಾನೆ, ಇಡೀ ಕೊನೆಯನ್ನೇ (ಗೊಂಚಲನ್ನೇ) ಕೊಯ್ದು ಹಗ್ಗದ ಮೇಲೆ ಜಾರಿಸುತ್ತಾನೆ, ಕೆಳಗೆ ಹಗ್ಗ ಹಿಡಿದವನು ಅದನ್ನು ಇಳಿಸಿಕೊಳ್ಳುತ್ತಾನೆ. ಇದನ್ನು ತಿದ್ದುವುದೆಂದರೆ ಮರ ಅಳಿಸಬೇಕು, ಏಣಿ ಅಳಿಸಬೇಕು, ಮನುಷ್ಯನನ್ನೂ ಅಳಿಸಬೇಕು. ಕೊನೆಗೆ ಉಳಿದದ್ದು ಆಕಾಶದ ಬಣ್ಣ ಮಾತ್ರ. ಹೊಸದಾಗಿ ಬರೆದರೆ ಎರಡು ದಿನದ ಕೆಲಸ. ತಿದ್ದಲು ಮೂರು ದಿನ ಬೇಕಾಯಿತು, ಬಂದದ್ದು ಅರ್ಧ ಹಣ. ಎರಡನೆಯ ಸಲ ಕೇಳಿದಾಗ, ತಪ್ಪುಗಳನ್ನು ಪುಟವಾರು ಬರೆದುಕೊಟ್ಟು ಅದಕ್ಕೆ ಬೇರೆ ಶುಲ್ಕ ಪಡೆದೆ, ತಿದ್ದುವುದನ್ನು ಒಪ್ಪಲಿಲ್ಲ. ಆ ಪಟ್ಟಿ ನೋಡಿದ ಮೇಲೆ ಅವರು ಆರು ಪುಟಗಳನ್ನು ಹೊಸದಾಗಿ ಬರೆಯಲು ಪೂರ್ಣ ಸಂಭಾವನೆ ಕೊಟ್ಟರು.

ಷಿಕಾಗೋ ವಿಶ್ವವಿದ್ಯಾಲಯದ ಬೆನ್ ಝಾವೋ ಅವರ ತಂಡ 2023ರಲ್ಲಿ ಹೊರತಂದ ಗ್ಲೇಜ್ ಎಂಬ ತಂತ್ರಾಂಶವನ್ನೂ ಬಳಸಿದ್ದೇನೆ. ಚಿತ್ರದ ಬಿಂದುಗಳಲ್ಲಿ ಸೂಕ್ಷ್ಮ ಬದಲಾವಣೆ ಮಾಡಿ, ನಮ್ಮ ಶೈಲಿಯನ್ನು ಯಂತ್ರ ಬೇರೆಯದೆಂದು ಓದಿಕೊಳ್ಳುವಂತೆ ಮಾಡುವುದು ಅದರ ಕೆಲಸ. ಅದು ಪೂರ್ಣ ರಕ್ಷಣೆಯೇನೂ ಅಲ್ಲ, ಅದನ್ನು ದುರ್ಬಲಗೊಳಿಸುವ ವಿಧಾನಗಳನ್ನು ಬೇರೆ ಸಂಶೋಧಕರು ತೋರಿಸಿದ್ದಾರೆ. ನನ್ನಂತೆ ತಿಳಿಬಣ್ಣದ ಖಾಲಿ ಜಾಗ ಹೆಚ್ಚಾಗಿ ಬಿಡುವವರ ಚಿತ್ರಗಳಲ್ಲಿ ಆ ಬದಲಾವಣೆ ಕಲೆಯಂತೆ ಕಣ್ಣಿಗೂ ಕಾಣುತ್ತದೆ. ಆದ್ದರಿಂದ ಹಕ್ಕು ಕಾಯ್ದಿರಿಸಿದ ಚಿತ್ರಗಳಿಗೆ ಮಾತ್ರ ಅದನ್ನು ಬಳಸುತ್ತೇನೆ. ಮಕ್ಕಳು ಮುದ್ರಿಸಿಕೊಳ್ಳುವ ಚಿತ್ರಕ್ಕೆ ಬಳಸುವುದಿಲ್ಲ.

ಉತ್ತರ 2 – ಪ್ರಾಥಮಿಕ ಶಾಲಾ ಶಿಕ್ಷಕ, ಕೊಪ್ಪಳ ಜಿಲ್ಲೆ

ಮೇಡಂ, ನಾನು ಕಲಾವಿದನಲ್ಲ, ನಿಮ್ಮಂಥವರ ಚಿತ್ರಗಳನ್ನು ಬಳಸುವವನು. ನಮ್ಮ ಶಾಲೆಯಲ್ಲಿ ಬಣ್ಣದ ಪ್ರಿಂಟರ್ ಇಲ್ಲ. ಮುಕ್ತ ಪರವಾನಗಿಯ ಚಿತ್ರಗಳನ್ನು ಕಪ್ಪು-ಬಿಳುಪಿನಲ್ಲಿ ಮುದ್ರಿಸಿ, ಮಕ್ಕಳಿಂದಲೇ ಬಣ್ಣ ಹಾಕಿಸಿ, ಕೆಳಗೆ ಹೆಸರು ಬರೆಸಿ ಗೋಡೆಗೆ ಅಂಟಿಸುತ್ತೇವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ಜಾಲತಾಣದಿಂದಲೂ ಕಥೆಗಳನ್ನು ತೆಗೆದುಕೊಳ್ಳುತ್ತೇವೆ. ಅಲ್ಲಿ ಚಿತ್ರಗಳನ್ನು ಕೊಟ್ಟ ಕಲಾವಿದರ ಹೆಸರು ಪ್ರತಿ ಪುಸ್ತಕದಲ್ಲೂ ಇರುತ್ತದೆ. ಕಳೆದ ವರ್ಷ ಒಬ್ಬ ಹುಡುಗಿ ಮಂಗಟ್ಟೆ ಹಕ್ಕಿಯ ಚಿತ್ರಕ್ಕೆ ಬಣ್ಣ ಹಾಕಿ, ಕೆಳಗಿದ್ದ ಹೆಸರು ತೋರಿಸಿ, 'ಇವರು ಈ ಹಕ್ಕಿ ನೋಡ್ಯಾರೇನ್ರಿ ಸರ್?' ಎಂದು ಕೇಳಿದಳು. ನೋಡಿದ್ದಾರೆ ಎಂದು ಹೇಳಲು ನನಗೆ ಸಾಧ್ಯವಾದದ್ದು ಆ ಕಲಾವಿದರು ಚಿತ್ರದ ಜೊತೆಗೆ ತಾವು ಅದನ್ನು ಯಾವ ಊರಿನಲ್ಲಿ, ಯಾವ ಮರದ ಮೇಲೆ ಕಂಡರು ಎಂದು ಎರಡು ಸಾಲು ಬರೆದಿದ್ದರಿಂದ. ನೀವು ತೆಗೆಯುವುದೇ ಆದರೆ ದಯವಿಟ್ಟು ಹಕ್ಕಿಗಳನ್ನು ಉಳಿಸಿ, ಆ ಎರಡು ಸಾಲುಗಳನ್ನು ಸೇರಿಸಿ.

ಉತ್ತರ 3 – ಪ್ರಕಾಶನ ಕರಾರುಗಳ ಕೆಲಸ ಮಾಡುವವರು, ಬೆಂಗಳೂರು

ಮೊದಲ ಉತ್ತರದಲ್ಲಿ ಒಂದು ತಿದ್ದುಪಡಿ ಅಗತ್ಯ. ಸಣ್ಣ ಪ್ರತಿ ಮುಕ್ತ, ದೊಡ್ಡ ಪ್ರತಿ ಕಾಯ್ದಿರಿಸಿದ್ದು ಎಂಬ ಏರ್ಪಾಟನ್ನು ಬಹಳ ಕಲಾವಿದರು ನಂಬಿದ್ದಾರೆ, ಆದರೆ ಪರವಾನಗಿ ಅನ್ವಯವಾಗುವುದು ಕೃತಿಗೆ, ಕಡತಕ್ಕಲ್ಲ. ಕಾನೂನಿನ ದೃಷ್ಟಿಯಲ್ಲಿ ಎರಡೂ ಒಂದೇ ಕೃತಿಯಾದರೆ, ದೊಡ್ಡ ಪ್ರತಿ ಸಿಕ್ಕವರು ಅದನ್ನೂ ಅದೇ ಪರವಾನಗಿಯಲ್ಲಿ ಬಳಸಬಹುದು. ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯೇ ಇದನ್ನು ಸ್ಪಷ್ಟಪಡಿಸಿದೆ. ದೊಡ್ಡ ಪ್ರತಿಯನ್ನು ಕೊಡದೆ ಇರುವ ಹಕ್ಕು ನಿಮ್ಮದು, ಕೊಟ್ಟ ಮೇಲೆ ತಡೆಯುವ ಹಕ್ಕು ಇರಲಿಕ್ಕಿಲ್ಲ.

ಇನ್ನೊಂದು ಮುಖ್ಯ ವಿಷಯವೆಂದರೆ, ನೀವು ಚಿತ್ರಗಳನ್ನು ತೆಗೆದರೂ ಈಗಾಗಲೇ ಪಡೆದವರ ಅನುಮತಿ ರದ್ದಾಗುವುದಿಲ್ಲ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಹಿಂತೆಗೆದುಕೊಳ್ಳಲಾಗದಂಥವು. ಅವು ಎಐ ತರಬೇತಿಯನ್ನು ತಡೆಯುತ್ತವೆಯೇ ಎಂಬುದಕ್ಕೆ ಒಂದೇ ಮಾತಿನ ಉತ್ತರವಿಲ್ಲ: ತರಬೇತಿಗೆ ಹಕ್ಕುಸ್ವಾಮ್ಯದ ಅನುಮತಿ ಬೇಕಾಗುವ ಕಡೆ ಹೆಸರು ಹೇಳಬೇಕೆಂಬ ಷರತ್ತು ಅನ್ವಯಿಸುತ್ತದೆ, ಕಾನೂನೇ ವಿನಾಯಿತಿ ಕೊಟ್ಟಿರುವ ಕಡೆ ಯಾವ ಷರತ್ತೂ ಅನ್ವಯಿಸುವುದಿಲ್ಲ. ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಎಎನ್‌ಐ ಸುದ್ದಿಸಂಸ್ಥೆ 2024ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ವಿರುದ್ಧ ದೆಹಲಿ ಹೈಕೋರ್ಟಿಗೆ ಒಯ್ದಿತು. ಒಬ್ಬ ಚಿತ್ರಕಾರ್ತಿ ಆ ತೀರ್ಪುಗಳಿಗಾಗಿ ಕೈಕಟ್ಟಿ ಕೂರಬೇಕಾಗಿಲ್ಲ, ಏಕೆಂದರೆ ಅವರ ಅನ್ನದ ಪ್ರಶ್ನೆ ಹೆಚ್ಚಾಗಿ ತೀರ್ಮಾನವಾಗುವುದು ಪ್ರಕಾಶಕರ ಜೊತೆಗಿನ ಎರಡು ಪುಟಗಳ ಕರಾರಿನಲ್ಲಿ.

ಆ ಎರಡು ಪುಟಗಳನ್ನು ಓದದೆ ಸಹಿ ಹಾಕುವ ಕಲಾವಿದರನ್ನು ನಾನು ಪ್ರತಿ ತಿಂಗಳೂ ನೋಡುತ್ತೇನೆ, ಮತ್ತು ಪ್ರತಿ ಸಲವೂ ಸಂಕಟವಾಗುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆ ನಿಮ್ಮ ಪರವಾಗಿ ಸಾಕಷ್ಟು ಮಾತಾಡಿದೆ. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು; ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎಂದು 19ನೆಯ ಕಲಮು ಹೇಳುತ್ತದೆ. ವರ್ಗಾವಣೆಯ ಕಾಲಕ್ಕೆ ಇಲ್ಲದಿದ್ದ ಅಥವಾ ವಾಣಿಜ್ಯ ಬಳಕೆಯಲ್ಲಿಲ್ಲದ ಮಾಧ್ಯಮ ಮತ್ತು ಬಳಕೆಯ ಬಗೆಗಳಿಗೆ, ಕರಾರಿನಲ್ಲಿ ಅವನ್ನು ನಿರ್ದಿಷ್ಟವಾಗಿ ಹೆಸರಿಸದ ಹೊರತು, ಆ ವರ್ಗಾವಣೆ ಅನ್ವಯಿಸದು ಎಂದು 2012ರ ತಿದ್ದುಪಡಿ 18ನೆಯ ಕಲಮಿಗೆ ಸೇರಿಸಿತು. ಹಳೆಯ ಕರಾರುಗಳ ಚಿತ್ರಗಳನ್ನು ತರಬೇತಿಗೆ ಕೊಡಲು ಹೊರಟವರೆದುರು ವಾದಿಸಲು ಇದು ಆಧಾರವಾಗಬಲ್ಲದು. 57ನೆಯ ಕಲಮಿನ ಪ್ರಕಾರ ಹಕ್ಕನ್ನು ಮಾರಿದ ಮೇಲೂ ಕರ್ತೃವೆನಿಸಿಕೊಳ್ಳುವ ಹಕ್ಕು ನಿಮ್ಮಲ್ಲೇ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಿಂದ ಕಿತ್ತುಹಾಕಿದ ತಮ್ಮ ಭಿತ್ತಿಶಿಲ್ಪಕ್ಕಾಗಿ ಶಿಲ್ಪಿ ಅಮರನಾಥ್ ಸೆಹಗಲ್ ಅವರು ಕೇಂದ್ರ ಸರ್ಕಾರದ ವಿರುದ್ಧ ದೆಹಲಿ ಹೈಕೋರ್ಟಿನಲ್ಲಿ 2005ರಲ್ಲಿ ಗೆದ್ದದ್ದು ಇದೇ ಕಲಮಿನ ಬಲದಿಂದ.

ನಾನು ಕರಾರುಗಳಲ್ಲಿ ಸೇರಿಸುವ ವಾಕ್ಯ ಹೀಗಿದೆ, ಬೇಕಾದವರು ಬಳಸಿಕೊಳ್ಳಿ: 'ಈ ಚಿತ್ರಗಳನ್ನಾಗಲಿ, ಇವುಗಳ ಕರಡುಗಳನ್ನಾಗಲಿ, ಕಲಾವಿದರ ಪ್ರತ್ಯೇಕ ಲಿಖಿತ ಅನುಮತಿ ಇಲ್ಲದೆ ಯಾವುದೇ ಕೃತಕ ಬುದ್ಧಿಮತ್ತೆ ವ್ಯವಸ್ಥೆಯ ತರಬೇತಿಗೆ ಅಥವಾ ಅದರಿಂದ ಹೊಸ ಚಿತ್ರ ಪಡೆಯಲು ಮಾದರಿಯಾಗಿ ಬಳಸತಕ್ಕದ್ದಲ್ಲ.' ಕರಡುಗಳನ್ನು ಹೆಸರಿಸುವುದು ಮುಖ್ಯ. ಒಪ್ಪಿಗೆಯಾಗದ ಕರಡುಗಳನ್ನು ಯಂತ್ರಕ್ಕೆ ಕೊಟ್ಟು ಪುಸ್ತಕ ಮುಗಿಸಿಕೊಂಡ ಪ್ರಸಂಗವೊಂದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ನಿಮ್ಮ ಪ್ರಕಾಶಕರಿಗೆ ಇನ್ನೊಂದು ವಿಷಯವನ್ನೂ ತಿಳಿಸಿ. 2023ರ ಫೆಬ್ರವರಿಯಲ್ಲಿ ಅಮೆರಿಕದ ಹಕ್ಕುಸ್ವಾಮ್ಯ ಕಚೇರಿಯು ಒಂದು ಚಿತ್ರಕಥಾ ಪುಸ್ತಕದ ಪಠ್ಯಕ್ಕೂ ಜೋಡಣೆಗೂ ರಕ್ಷಣೆ ಕೊಟ್ಟು, ಮಿಡ್‌ಜರ್ನಿ ಎಂಬ ಎಐನಿಂದ ಬಂದ ಬಿಡಿ ಚಿತ್ರಗಳಿಗೆ ರಕ್ಷಣೆ ಇಲ್ಲವೆಂದಿತು. ಪುಸ್ತಕವನ್ನು ಹೊರದೇಶದಲ್ಲಿ ಮಾರುವ ಆಸೆಯಿರುವ ಪ್ರಕಾಶಕರು ಈ ಮಾತನ್ನು ಕಿವಿಗೊಟ್ಟು ಕೇಳುತ್ತಾರೆ.

ಉತ್ತರ 4 – ಹಸೆ ಚಿತ್ತಾರ ಕಲಿಯುತ್ತಿರುವವರು, ಸೊರಬ

ನಿಮ್ಮ ಇನ್ನೂರು ಚಿತ್ರಗಳಲ್ಲಿ ಚಿತ್ತಾರದ ಮಾದರಿಗಳೂ ಇದ್ದರೆ ಅವನ್ನು ಬೇರೆಯಾಗಿ ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮ ಕಡೆಯ ದೀವರು ಎಂಬ ಸಮುದಾಯದ ಮನೆಗಳಲ್ಲಿ ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿ ನಾರಿನ ಕುಂಚ ಹಿಡಿದು ಹೆಂಗಸರು ಬರೆಯುವ ಗೆರೆಗಳವು. ನನಗೆ ಕಲಿಸುತ್ತಿರುವ ಹಿರಿಯರು ಮದುವೆಯ ಹಸೆಗೋಡೆಯ ಚಿತ್ತಾರವನ್ನು ಬರೆಯುವಾಗ ನಾರನ್ನು ಗೋಡೆಗೆ ತಾಗಿಸಿದ ಮೇಲೆ ಗೆರೆ ಮುಗಿಯುವವರೆಗೆ ಉಸಿರು ಬಿಡುವುದಿಲ್ಲ. ನೋಡುತ್ತ ನಿಂತರೆ ನಮ್ಮ ಉಸಿರೂ ನಿಲ್ಲುತ್ತದೆ. ಆ ಮಾದರಿಗಳನ್ನು ನೋಡಿ ಬರೆದ ನನ್ನ ಚಿತ್ರಕ್ಕೆ ನಾನು ಹಕ್ಕುದಾರಳಿರಬಹುದು, ಆದರೆ ಎಲ್ಲರೂ ಬಳಸಿ ಎಂದು ಹೇಳುವ ಮೊದಲು ಅವರನ್ನು ಕೇಳದೆ ಇರಲು ನನ್ನಿಂದ ಆಗುವುದಿಲ್ಲ. ಕೇಳಿದೆ. ಎಲೆ-ಹೂವಿನ ಅಂಚುಗಳನ್ನು ಕೊಡು, ಮದುವೆಯದನ್ನು ಬೇಡ ಎಂದರು. ಹಾಗೆಯೇ ಮಾಡಿದ್ದೇನೆ. ಕೊಟ್ಟ ಪ್ರತಿಯೊಂದರ ಕೆಳಗೂ ಅವರ ಒಪ್ಪಿಗೆ ಪಡೆದು ಅವರ ಹೆಸರು, ಊರು ಹಾಕಿದ್ದೇನೆ. ಯಂತ್ರ ನಮ್ಮನ್ನು ಕೇಳಲಿಲ್ಲ ಎಂದು ನೋಯುವ ನಾವು ಇವರನ್ನು ಕೇಳಿಯೇ ಮುಂದುವರಿಯಬೇಕಲ್ಲವೇ?

ಕೇಳಿದವರ ಮರುನುಡಿ

ಎಲ್ಲರಿಗೂ ಧನ್ಯವಾದಗಳು. ಮೂರು ರಾತ್ರಿ ಕೂತು ಇನ್ನೂರು ಚಿತ್ರಗಳನ್ನೂ ಒಂದೊಂದಾಗಿ ನೋಡಿದೆ. ಹಕ್ಕಿ, ಮರ, ತೋಟದ ಕೆಲಸಗಳ ಚಿತ್ರಗಳು ಇದ್ದಲ್ಲೇ ಇರುತ್ತವೆ. ಕಂಡ ಜಾಗದ ಎರಡು ಸಾಲುಗಳನ್ನು ನಲವತ್ತಕ್ಕೆ ಬರೆದು ಮುಗಿಸಿದ್ದೇನೆ, ಉಳಿದವುಗಳಿಗೆ ಬರೆಯುತ್ತಿದ್ದೇನೆ. ಚಿತ್ತಾರದ ಹನ್ನೆರಡು ಚಿತ್ರಗಳನ್ನು, ಪರವಾನಗಿ ಹಿಂದೆ ಬರುವುದಿಲ್ಲ ಎಂದು ತಿಳಿದೇ, ಸದ್ಯಕ್ಕೆ ಇಳಿಸಿದ್ದೇನೆ. ಹಳ್ಳಿಗೆ ಹೋಗಿ ಕೇಳುವ ಮೊದಲು ಮತ್ತೆ ಹಾಕುವುದಿಲ್ಲ.

ಪ್ರಕಾಶಕರಿಗೆ ಹದಿನಾರು ಪುಟಗಳ ತಪ್ಪುಗಳ ಪಟ್ಟಿಯನ್ನು ಶುಲ್ಕದ ಬಿಲ್ಲಿನೊಡನೆ ಕಳುಹಿಸಿದೆ. ಒಂಬತ್ತನೆಯ ಪುಟದಲ್ಲಿ ಹಂಚಿನ ಮಾಡಿನಿಂದ ಮಳೆನೀರು ಮನೆಯೊಳಗಿನ ಕಡೆಗೆ ಇಳಿಯುತ್ತಿತ್ತು. ಅದನ್ನು ನೋಡಿ ಅವರೇ ಫೋನ್ ಮಾಡಿದರು. ಐದು ಪುಟಗಳನ್ನು ಹೊಸದಾಗಿ, ಪೂರ್ಣ ಸಂಭಾವನೆಗೆ ಬರೆಯಲು ಒಪ್ಪಿದ್ದಾರೆ. ಕರಡುಗಳ ಕುರಿತ ಆ ವಾಕ್ಯವನ್ನು ತಮ್ಮ ವಕೀಲರಿಗೆ ತೋರಿಸಿ ಸೋಮವಾರ ತಿಳಿಸುತ್ತೇನೆ ಎಂದಿದ್ದಾರೆ.